ಬೂದಿಯ ಮೇಲೆ ಮತ್ತೆ ಮೂಡಿದ ಕಾಲುದಾರಿ: ಎಂಟನೇ ತರಗತಿಯ ಒಂದು ಜ್ವಾಲಾಮುಖಿ ಪಾಠ

ಪೀಠಿಕೆ

ಶಾಲಾ ಇಂಟರ್ನ್‌ಶಿಪ್‌ನ ಐದನೇ ವಾರದಲ್ಲಿ ಒಂದೇ ವಿಷಯದ ಮೇಲೆ ನಾನು ಮಾಡಿದ ಎರಡು ಪಾಠಗಳ ವರದಿ ಇದು. ಮೊದಲನೆಯದು ಕೆಟ್ಟಿತು. ಅದನ್ನು ಸರಿಪಡಿಸಲು ಎರಡನೆಯದನ್ನು ಮಾಡಿದೆ. ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಶಾಲೆಯ ಸಮಾಜವಿಜ್ಞಾನ ಶಿಕ್ಷಕರು ತರಬೇತಿಗೆ ಹೋಗಿದ್ದರಿಂದ ಎಂಟನೇ ತರಗತಿಯ ಶಿಲಾಗೋಳ ಘಟಕದಲ್ಲಿನ ಜ್ವಾಲಾಮುಖಿಯ ಭಾಗ ನನ್ನ ಪಾಲಿಗೆ ಬಂತು. ಭೂಗರ್ಭದ ವಿಚಾರವಾದ್ದರಿಂದ ಬಿ.ಎಸ್ಸಿ. ಓದಿದ ನನಗೆ ಕಷ್ಟವಾಗಲಾರದು ಎಂದುಕೊಂಡು ಒಪ್ಪಿಕೊಂಡೆ. ಶಿಲಾರಸ, ಜ್ವಾಲಾಮುಖಿಯ ವಿಧಗಳು, ಪೆಸಿಫಿಕ್ ಅಗ್ನಿವೃತ್ತ ಇವುಗಳಲ್ಲಿ ನಿಜಕ್ಕೂ ಕಷ್ಟವಾಗಲಿಲ್ಲ. ನಾನು ಎಡವಿದ್ದು ಮನುಷ್ಯರ ಬಗ್ಗೆ ಮಾತಾಡಿದಾಗ.

ಶಾಲೆ ಮಲಪ್ರಭೆಯ ದಂಡೆಗೆ ಹತ್ತಿರದ ಒಂದು ಹಳ್ಳಿಯಲ್ಲಿದೆ. 2009ರ ನೆರೆಯ ನಂತರ ಇಲ್ಲಿನ ಕೆಲವು ಕುಟುಂಬಗಳಿಗೆ ಎತ್ತರದ ಜಾಗದಲ್ಲಿ ಆಸರೆ ಮನೆಗಳಾಗಿವೆ. 2019ರ ಆಗಸ್ಟ್‌ನಲ್ಲಿ ಹೊಳೆ ಮತ್ತೆ ಹಳೆಯ ಊರುಗಳಿಗೆ ನುಗ್ಗಿದ್ದನ್ನು ಮಕ್ಕಳು ಕಣ್ಣಾರೆ ಕಂಡಿದ್ದಾರೆ. ಪಾಠಯೋಜನೆಯ ಮೊದಲ ಪುಟದಲ್ಲಿ ‘ಮಕ್ಕಳ ಪೂರ್ವಜ್ಞಾನ’ ಎಂಬ ಕಾಲಮಿನಲ್ಲಿ ನಾನು ಇದನ್ನು ಬರೆದಿರಲಿಲ್ಲ. ‘ಭೂಮಿಯ ಒಳರಚನೆ ತಿಳಿದಿದೆ’ ಎಂದಷ್ಟೇ ಬರೆದಿದ್ದೆ.

ಮೊದಲ ಪಾಠದಲ್ಲಿ ಆದದ್ದು

ಜ್ವಾಲಾಮುಖಿಯ ಪರಿಣಾಮಗಳನ್ನು ಕಪ್ಪುಹಲಗೆಯ ಮೇಲೆ ಎರಡು ಭಾಗ ಮಾಡಿ ಬರೆದೆ. ಎಡಕ್ಕೆ ಹಾನಿ, ಬಲಕ್ಕೆ ಪ್ರಯೋಜನ. ಪ್ರಾಣಹಾನಿ, ಬೆಳೆಹಾನಿ, ಬೂದಿ ಒಂದು ಕಡೆ. ಫಲವತ್ತಾದ ಮಣ್ಣು, ಖನಿಜ, ಬಿಸಿನೀರಿನ ಬುಗ್ಗೆ ಇನ್ನೊಂದು ಕಡೆ. ಆಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು:

“ಮೇಡಂರೀ, ಅಷ್ಟೆಲ್ಲಾ ಸತ್ತ ಮ್ಯಾಲೂ ಮಂದಿ ಮತ್ತ ಅಲ್ಲಿಗೇ ಯಾಕ ಹೋಗ್ತಾರ್ರಿ?”

ಒಳ್ಳೆಯ ಪ್ರಶ್ನೆ. ಉತ್ತರ ನನಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನಲು ಧೈರ್ಯ ಸಾಲಲಿಲ್ಲ, ಏಕೆಂದರೆ ಹಿಂದಿನ ಬೆಂಚಿನಲ್ಲಿ ನಮ್ಮ ಉಪನ್ಯಾಸಕರು ಅವಲೋಕನ ಪುಸ್ತಕ ಹಿಡಿದು ಕುಳಿತಿದ್ದರು. “ಆ ಕಾಲದ ಜನರಿಗೆ ವೈಜ್ಞಾನಿಕ ತಿಳಿವಳಿಕೆ ಇರಲಿಲ್ಲ. ಮೂಢನಂಬಿಕೆಯಿಂದ ಹಳೆಯ ಜಾಗಕ್ಕೇ ಅಂಟಿಕೊಳ್ಳುತ್ತಿದ್ದರು” ಎಂದುಬಿಟ್ಟೆ. ಕೂಡಲೇ ಪಕ್ಕದ ಸಾಲಿನ ಹುಡುಗನೊಬ್ಬ, “ಇಕಿ ಆಯಿನೂ ಹಂಗ ಅದಾಳ್ರಿ. ಹೊಳಿ ಬಂದ್ರೂ ಹಳೇ ಊರಿಗೇ ಹೋಗ್ತಾಳ” ಎಂದ. ತರಗತಿ ನಕ್ಕಿತು. ಹುಡುಗಿ ಕುಳಿತುಕೊಂಡಳು. ಆ ಅವಧಿಯಲ್ಲಿ ಅವಳು ಮತ್ತೆ ಬಾಯಿ ಬಿಡಲಿಲ್ಲ.

ಅವಲೋಕನ ಪುಸ್ತಕದಲ್ಲಿ ಧ್ವನಿ, ಹಲಗೆ ಬರಹ, ಉಪಕರಣಗಳ ಬಳಕೆ ಎಲ್ಲಕ್ಕೂ ಒಳ್ಳೆಯ ಮಾತೇ ಇತ್ತು. ಕೊನೆಯಲ್ಲಿ ಒಂದು ಸಾಲು: “ಉತ್ತರ ಗೊತ್ತಿಲ್ಲದ ಕಡೆ ಉತ್ತರ ಕೊಟ್ಟಿದ್ದೀರಿ. ಆ ಪ್ರಶ್ನೆಗೆ ಇನ್ನೊಂದು ಅವಧಿ ತೆಗೆದುಕೊಳ್ಳಿ.” ಸಂಜೆ ನಾನು ಓದಲು ಶುರುಮಾಡಿದೆ.

ವಿಷಯ ಸಿದ್ಧತೆ: ಓದಿ ತಿಳಿದದ್ದು

ಜ್ವಾಲಾಮುಖಿ ಎಂದರೆ ನಮ್ಮ ಪಾಠಗಳಲ್ಲಿ ಸಾಮಾನ್ಯವಾಗಿ ಬರುವುದು ಕ್ರಿ.ಶ. 79ರಲ್ಲಿ ವೆಸೂವಿಯಸ್ಸಿನ ಬೂದಿಯಲ್ಲಿ ಹೂತುಹೋದ ಪಾಂಪೇ ನಗರ. ಅಲ್ಲಿಗೆ ಕಥೆ ಮುಗಿಯುತ್ತದೆ. ಉಳಿದವರು ಏನು ಮಾಡಿದರು ಎಂಬ ಪ್ರಶ್ನೆಯನ್ನೇ ಹಿಡಿದು ದಶಕಗಳ ಕಾಲ ಕೆಲಸ ಮಾಡಿದ ಪುರಾತತ್ತ್ವಜ್ಞರಿದ್ದಾರೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಪೇಸನ್ ಷೀಟ್ಸ್ ಅವರಲ್ಲಿ ಪ್ರಮುಖರು. ಅವರ ಕ್ಷೇತ್ರ ಮಧ್ಯ ಅಮೆರಿಕ. ಪಾಠಕ್ಕೆ ನಾನು ಆರಿಸಿಕೊಂಡ ಉದಾಹರಣೆಗಳು ಮೂರು.

ಮೊದಲನೆಯದು ಕೋಸ್ಟರಿಕ ದೇಶದ ಅರೆನಾಲ್. ಹಲವು ಶತಮಾನ ಸುಮ್ಮನಿದ್ದ ಈ ಪರ್ವತ 1968ರ ಜುಲೈಯಲ್ಲಿ ಸಿಡಿದು ಸುಮಾರು 80 ಜನ ಸತ್ತರು. ಅದಕ್ಕೂ ಹಿಂದಿನ ಕಥೆ ಅದರ ಸುತ್ತಲಿನ ಮಣ್ಣಿನ ಪದರಗಳಲ್ಲಿದೆ. ಕಳೆದ 4000 ವರ್ಷಗಳಲ್ಲಿ ಅರೆನಾಲ್ ಸುಮಾರು ಹತ್ತು ಬಾರಿ ದೊಡ್ಡದಾಗಿ ಸಿಡಿದಿದೆ. ಅಂದರೆ ಸರಾಸರಿ 400 ವರ್ಷಕ್ಕೊಮ್ಮೆ. ಪ್ರತಿ ಸ್ಫೋಟದ ಬೂದಿಯೂ ಒಂದು ಪದರವಾಗಿ ಕೂತಿದೆ. ಅದರ ಮೇಲೆ ಮಣ್ಣು, ಆ ಮಣ್ಣಿನಲ್ಲಿ ಮತ್ತೆ ಮಡಕೆ ಚೂರು, ಕಲ್ಲಿನ ಉಪಕರಣ. ಅದರ ಮೇಲೆ ಮತ್ತೆ ಬೂದಿ. ಜನ ಹೋಗಿದ್ದಾರೆ, ಬಂದಿದ್ದಾರೆ. ಮಡಕೆಯ ಶೈಲಿ, ಮನೆ ಕಟ್ಟುವ ರೀತಿ ಇವುಗಳಲ್ಲಿ ಸ್ಫೋಟದ ಕಾರಣಕ್ಕೆ ದೊಡ್ಡ ಬದಲಾವಣೆ ಕಾಣುವುದಿಲ್ಲ.

ಅದು ಹೇಗೆ ಸಾಧ್ಯವಾಯಿತು? ಅವರ ಹಳ್ಳಿಗಳು ಚಿಕ್ಕವು, ಜನಸಂಖ್ಯೆ ವಿರಳ. ಹೀಗಾಗಿ ಬೂದಿ ಬಿದ್ದಾಗ ಬೀಳದ ಕಡೆಗೆ ಹೋಗಿ ಇರಲು ಜಾಗವಿತ್ತು. ಇನ್ನೊಂದು ಕಾರಣ ಊಟ. ಅವರು ಮೆಕ್ಕೆಜೋಳ ಬೆಳೆಯುತ್ತಿದ್ದರು, ಆದರೆ ಅದೊಂದನ್ನೇ ನಂಬಿರಲಿಲ್ಲ. ಇದು ಗೊತ್ತಾದದ್ದು ಮೂಳೆಯಲ್ಲಿನ ಕಾರ್ಬನ್ ಐಸೊಟೋಪುಗಳಿಂದ. ಮೆಕ್ಕೆಜೋಳ ದ್ಯುತಿಸಂಶ್ಲೇಷಣೆ ನಡೆಸುವ ಬಗೆ ಬೇರೆಯಾದ್ದರಿಂದ ಅದನ್ನು ಹೆಚ್ಚು ತಿಂದವರ ಮೂಳೆಯಲ್ಲಿ ಕಾರ್ಬನ್-13ರ ಪ್ರಮಾಣ ಹೆಚ್ಚಿರುತ್ತದೆ. ಅರೆನಾಲ್ ಜನರ ಆಹಾರದಲ್ಲಿ ಮೆಕ್ಕೆಜೋಳದ ಪಾಲು ಕಡಿಮೆ. ಉಳಿದದ್ದು ಕಾಡಿನಿಂದ, ಬೇಟೆಯಿಂದ, ನೀರಿನಿಂದ ಬಂದದ್ದು. ಹೊಲ ಮುಚ್ಚಿಹೋದರೂ ಒಲೆ ಆರಲಿಲ್ಲ.

ನನ್ನ ಹುಡುಗಿಯ ಪ್ರಶ್ನೆಗೆ ಹತ್ತಿರದ ಸಂಗತಿ ಮುಂದಿನದು. ಷೀಟ್ಸ್ ಅವರ ತಂಡ 1980ರ ದಶಕದಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಟಾಮ್ ಸೆವರ್ ಜೊತೆ ಸೇರಿ ಈ ಪ್ರದೇಶದ ಅವಕೆಂಪು ವೈಮಾನಿಕ ಚಿತ್ರಗಳನ್ನು ಪರಿಶೀಲಿಸಿತು. ಹುಲ್ಲುಗಾವಲಿನ ನಡುವೆ ಸಣ್ಣ ಗೆರೆಗಳು ಕಂಡವು. ಅಲ್ಲಿ ಕಂದಕ ತೋಡಿ ನೋಡಿದಾಗ ಅವು ಹಳೆಯ ಕಾಲುದಾರಿಗಳು ಎಂದು ಖಚಿತವಾಯಿತು. ಜನ ಒಬ್ಬರ ಹಿಂದೊಬ್ಬರು ನಡೆದು ನಡೆದು ನೆಲ ಸವೆದು, ಮಳೆನೀರು ಹರಿದು ತಗ್ಗಾಗಿತ್ತು. ಆ ತಗ್ಗಿನಲ್ಲಿ ಬೂದಿ ಮತ್ತು ಮಣ್ಣು ತುಂಬಿತ್ತು. ಅಲ್ಲಿ ಬೇರು ಚೆನ್ನಾಗಿ ಇಳಿದು ಹುಲ್ಲು ಬೇರೆ ತರಹ ಬೆಳೆದದ್ದರಿಂದ ಮೇಲಿನಿಂದ ಗೆರೆಯಂತೆ ಕಾಣುತ್ತಿತ್ತು. ಒಂದು ದಾರಿ ಗುಡ್ಡದ ಏಣಿನ ಮೇಲಿದ್ದ ಸೈಲೆನ್ಸಿಯೊ ಎಂಬ ಸ್ಮಶಾನಕ್ಕೆ ಸಂಬಂಧಿಸಿದ್ದು. ಸ್ಮಶಾನದಲ್ಲಿ ಅಡಿಗೆ ಮಾಡಿದ, ಉಂಡ ಗುರುತುಗಳಿವೆ. ಜನ ಅಲ್ಲಿಗೆ ಹೆಣ ಹೂಳಲು ಮಾತ್ರವಲ್ಲ, ಹಿರಿಯರ ಜೊತೆ ಹೊತ್ತು ಕಳೆಯಲೂ ಹೋಗುತ್ತಿದ್ದರು.

ಸ್ಫೋಟವಾಗಿ ಬೂದಿ ಬಿದ್ದು ದಾರಿ ಮುಚ್ಚಿಹೋಗಿದೆ. ಊರು ಬಿಟ್ಟ ಜನ ಮರಳಿದ್ದಾರೆ. ಮರಳಿದವರು ಅದೇ ಗೆರೆಯ ಮೇಲೆ ಮತ್ತೆ ನಡೆದಿದ್ದಾರೆ. ಕಂದಕದ ಗೋಡೆಯಲ್ಲಿ ಒಂದು ತಗ್ಗಿನ ಮೇಲೆ ಬೂದಿ, ಅದರ ಮೇಲೆ ಮತ್ತೊಂದು ತಗ್ಗು ಕಾಣುತ್ತದೆ. ಸತ್ತ ಹಿರಿಯರೊಡನೆ ಇದ್ದ ಸಂಬಂಧವೇ ಜನರನ್ನು ಆ ನೆಲಕ್ಕೆ ಮರಳಿ ಕರೆತಂದಿತು ಎಂಬುದು ಷೀಟ್ಸ್ ಅವರ ವಿವರಣೆ. ಇದನ್ನು ಓದಿದ ರಾತ್ರಿ ತರಗತಿಯ ನಗು ಮತ್ತೆ ನೆನಪಾಗಿ ನಾಚಿಕೆಯಾಯಿತು.

ಎರಡನೆಯ ಉದಾಹರಣೆ ಎಲ್ ಸಾಲ್ವಡಾರ್ ದೇಶದ್ದು. 1976ರಲ್ಲಿ ಧಾನ್ಯದ ಕಣಜ ಕಟ್ಟಲು ಬುಲ್ಡೋಜರಿನಿಂದ ನೆಲ ಮಟ್ಟ ಮಾಡುವಾಗ ಹೊಯಾ ದೆ ಸೆರೆನ್ ಎಂಬಲ್ಲಿ ಬೂದಿಯಡಿ ಮಣ್ಣಿನ ಮನೆಯೊಂದು ಕಂಡಿತು. 1978ರಿಂದ ಷೀಟ್ಸ್ ಅಲ್ಲಿ ಅಧ್ಯಯನ ನಡೆಸಿದರು. ಕ್ರಿ.ಶ. 600ರ ಸುಮಾರಿಗೆ ಒಂದು ಕಿಲೋಮೀಟರಿಗೂ ಕಡಿಮೆ ದೂರದ ಲೋಮಾ ಕಾಲ್ಡೇರ ಎಂಬ ಜ್ವಾಲಾಮುಖಿ ಬಾಯಿ ತೆರೆದು, ಈ ರೈತರ ಹಳ್ಳಿ ನಾಲ್ಕರಿಂದ ಆರು ಮೀಟರ್ ಬೂದಿಯಡಿ ಹೂತುಹೋಯಿತು. ತೊಳೆಯದ ಊಟದ ಪಾತ್ರೆಗಳಿವೆ. ಮಲಗುವ ಚಾಪೆಗಳನ್ನು ಇನ್ನೂ ಹಾಸಿರಲಿಲ್ಲ. ಹಾಗಾದರೆ ಅದು ರಾತ್ರಿಯೂಟದ ನಂತರದ, ಮಲಗುವ ಮುಂಚಿನ ಹೊತ್ತು. ಕಟ್ಟಿಹಾಕಿದ್ದ ಒಂದು ಬಾತುಕೋಳಿ ಸತ್ತಿದೆ. ಆದರೆ ಇಲ್ಲಿಯವರೆಗೆ ಮನುಷ್ಯರ ಶವ ಸಿಕ್ಕಿಲ್ಲ. ಜನ ಓಡಿ ಪಾರಾಗಿದ್ದಾರೆ.

ಆ ಹೊಲದ ಗಿಡಗಳು ಕೊಳೆತು ಬೂದಿಯಲ್ಲಿ ಟೊಳ್ಳು ಉಳಿದಿತ್ತು. ಅದರೊಳಗೆ ಪ್ಲಾಸ್ಟರ್ ಸುರಿದು ಮೆಕ್ಕೆಜೋಳದ ದಂಟು, ಮರಗೆಣಸಿನ ಗಡ್ಡೆಗಳ ಅಚ್ಚು ತೆಗೆದಿದ್ದಾರೆ. ಮನೆಯ ಗೋಡೆಗಳು ಕಡ್ಡಿಯ ತಡಿಕೆಗೆ ಮಣ್ಣು ಮೆತ್ತಿದವು. ಭೂಕಂಪಕ್ಕೆ ಬಾಗುತ್ತವೆ, ಸುಲಭವಾಗಿ ಮುರಿಯುವುದಿಲ್ಲ. 2011ರಲ್ಲಿ ಸುಮಾರು ಎರಡು ಮೀಟರ್ ಅಗಲದ ಒಂದು ಬಿಳಿ ರಸ್ತೆ ಸಿಕ್ಕಿತು. ಆ ಬಿಳುಪು ಹಿಂದಿನ ಇನ್ನೊಂದು ಸ್ಫೋಟದ ಬೂದಿಯದು. ಇಲೊಪಾಂಗೊ ಎಂಬ ಜ್ವಾಲಾಮುಖಿ ಸೆರೆನ್‌ಗಿಂತ ಮುಂಚೆ, 2020ರಲ್ಲಿ ಪ್ರಕಟವಾದ ಕಾಲನಿರ್ಣಯದ ಪ್ರಕಾರ ಕ್ರಿ.ಶ. 431ರ ಆಸುಪಾಸಿನಲ್ಲಿ, ಭಾರಿ ಪ್ರಮಾಣದಲ್ಲಿ ಸಿಡಿದಿತ್ತು. ಅದರ ಬಿಳಿ ಬೂದಿಯನ್ನೇ ಹಾಸಿ ದಮ್ಮಸು ಮಾಡಿ ಈ ಜನ ರಸ್ತೆ ಮಾಡಿಕೊಂಡಿದ್ದರು. ಅದೇ ಕಣಿವೆಯ ಸಾನ್ ಆಂಡ್ರೆಸ್‌ನಲ್ಲಿ ಕಂಪಾನ ಎಂಬ ಪಿರಮಿಡ್ಡಿನ ಉತ್ಖನನದ ಫಲಿತಾಂಶವನ್ನು 2021ರಲ್ಲಿ ಅಕಿರಾ ಇಚಿಕಾವಾ ಪ್ರಕಟಿಸಿದರು. ಇಲೊಪಾಂಗೊ ಸ್ಫೋಟದ ನಂತರ ಆ ಸೀಮೆ ಬಹುಕಾಲ ಪಾಳುಬಿದ್ದಿತ್ತು ಎಂದು ಅನೇಕರು ನಂಬಿದ್ದರು. ಆದರೆ ಸ್ಫೋಟವಾಗಿ ಐದರಿಂದ ಮೂವತ್ತು ವರ್ಷಗಳೊಳಗೆ, ಆ ಬೂದಿಯ ಗಟ್ಟಿಗಳನ್ನೇ ಕಡಿದು ಜೋಡಿಸಿ ಜನ ಆ ದೊಡ್ಡ ಕಟ್ಟಡ ಕಟ್ಟಲು ತೊಡಗಿದ್ದರು ಎಂಬುದು ಅವರ ನಿರ್ಣಯ.

ಮೂರನೆಯದು ನಮಗೆ ಹತ್ತಿರದ್ದು. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರದ ಟೋಬಾ ಸಿಡಿದಾಗ ಅದರ ಬೂದಿ ಸುಮಾರು 2,600 ಕಿಲೋಮೀಟರ್ ದಾಟಿ ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂವರೆಗೂ ಬಂದು ಬಿತ್ತು. ಅಲ್ಲಿ ಬೂದಿಯ ಪದರದ ಕೆಳಗೂ ಮೇಲೂ ಹಳೆಶಿಲಾಯುಗದ ಕಲ್ಲಿನ ಉಪಕರಣಗಳು ಸಿಕ್ಕಿವೆ. ಮೈಕೇಲ್ ಪೆಟ್ರಾಗ್ಲಿಯಾ ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರಿದ್ದ ತಂಡ 2007ರಲ್ಲಿ ಇದನ್ನು ಪ್ರಕಟಿಸಿತು. ಎರಡೂ ಪದರದ ಉಪಕರಣಗಳು ಹೋಲುವುದರಿಂದ ಜನ ಅಳಿದುಹೋಗಲಿಲ್ಲ, ಬದುಕು ಮುಂದುವರಿಯಿತು ಎಂಬುದು ಅವರ ವಾದ. ಟೋಬಾದಿಂದ ಮನುಕುಲವೇ ಅಳಿವಿನ ಅಂಚಿಗೆ ಹೋಗಿತ್ತು ಎಂದು ಸ್ಟ್ಯಾನ್ಲಿ ಆಂಬ್ರೋಸ್ 1998ರಲ್ಲೇ ವಾದಿಸಿದ್ದರು. ಒಂದೇ ಬೂದಿಯ ಬಗ್ಗೆ ಇಬ್ಬರು ವಿದ್ವಾಂಸರಿಗೆ ಎರಡು ಅಭಿಪ್ರಾಯ ಇರಬಹುದು, ಅದನ್ನು ತೀರ್ಮಾನಿಸುವುದು ಪುರಾವೆ ಎಂದು ಮಕ್ಕಳಿಗೆ ತೋರಿಸಲು ಇದು ತಕ್ಕ ಉದಾಹರಣೆ.

ಪಾಠಯೋಜನೆ

ಎರಡನೇ ಪಾಠವನ್ನು ಐದು ‘ಇ’ ಮಾದರಿಯಲ್ಲಿ ಸಿದ್ಧಪಡಿಸಿ ಎರಡು ಅವಧಿಗೆ ಹಂಚಿದೆ. ಉದ್ದೇಶಗಳು ಮೂರು. ಒಂದು, ಮಣ್ಣು ಮತ್ತು ಬೂದಿಯ ಪದರಗಳನ್ನು ನೋಡಿ ಯಾವುದು ಮೊದಲು, ಯಾವುದು ಆಮೇಲೆ ಎಂದು ವಿದ್ಯಾರ್ಥಿ ಹೇಳುವುದು. ಎರಡು, ಒಂದು ಹೇಳಿಕೆಗೆ ಪುರಾವೆ ಇದೆಯೇ ಎಂದು ಪರೀಕ್ಷಿಸುವುದು. ಮೂರು, ಸ್ಫೋಟದ ನಂತರ ಒಂದು ಸಮುದಾಯ ಚೇತರಿಸಿಕೊಳ್ಳಲು ನೆರವಾಗುವ ಕಾರಣಗಳನ್ನು ಉದಾಹರಣೆ ಸಹಿತ ವಿವರಿಸುವುದು.

ಬೋಧನೋಪಕರಣಗಳು: ಬೇಕರಿಯ ಸಿಹಿತಿಂಡಿಯ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಎರಡು, ಒದ್ದೆ ಕೆಮ್ಮಣ್ಣು, ಎರೆಮಣ್ಣು, ಬಿಳಿ ರಂಗೋಲಿ ಪುಡಿ, ಪೆನ್ಸಿಲ್, ಜೋಳದ ದಂಟಿನ ತುಂಡು, ಪ್ಲಾಸ್ಟರ್ ಆಫ್ ಪ್ಯಾರಿಸ್, ಪ್ರಪಂಚದ ಭೂಪಟ. ಡಬ್ಬಿ ಬಿಟ್ಟರೆ ಎಲ್ಲವೂ ಊರಲ್ಲೇ ಸಿಕ್ಕಿತು.

ಪಾಠದ ಹಂತಗಳು

ತೊಡಗಿಸಿಕೊಳ್ಳುವಿಕೆ: ಕಪ್ಪುಹಲಗೆಯ ಮೇಲೆ ‘ಜನರು ತಿಳಿವಳಿಕೆ ಇಲ್ಲದೆ ಹಳೆಯ ಜಾಗಕ್ಕೆ ಮರಳಿದರು’ ಎಂದು ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. “ಹೋದ ಪಾಠದಲ್ಲಿ ಇದನ್ನು ಹೇಳಿದವರು ಯಾರು?” ಎಂದೆ. “ನೀವ ಹೇಳೀರಿ” ಎಂದರು. “ಪುರಾವೆ ಕೊಟ್ಟಿದ್ದೆನೇ?” “ಇಲ್ರೀ.” “ಹಾಗಾದರೆ ಇವತ್ತು ಹುಡುಕೋಣ. ಸಿಗದಿದ್ದರೆ ಇದನ್ನು ಅಳಿಸಬೇಕು” ಎಂದೆ. ಶಿಕ್ಷಕಿಯ ಮಾತನ್ನೇ ಪರೀಕ್ಷೆಗೆ ಇಟ್ಟದ್ದು ಮಕ್ಕಳಿಗೆ ಖುಷಿ ಕೊಟ್ಟಿತು. ಮೂರನೇ ಬೆಂಚಿನ ಹುಡುಗಿ ಮಾತ್ರ ತಲೆ ಎತ್ತಲಿಲ್ಲ.

ಅನ್ವೇಷಣೆ: ಎರಡು ಗುಂಪು, ಎರಡು ಡಬ್ಬಿ. ಡಬ್ಬಿಯ ತಳಕ್ಕೆ ಒದ್ದೆ ಕೆಮ್ಮಣ್ಣು ಒತ್ತಿ, ಪಾರದರ್ಶಕ ಬದಿಯಿಂದ ಎದುರು ಬದಿಯವರೆಗೆ ಪೆನ್ಸಿಲ್ ಒತ್ತಿ ಒಂದು ಕಾಲುದಾರಿ ಮಾಡಬೇಕು. ಮೇಲೆ ರಂಗೋಲಿ ಪುಡಿ ಉದುರಿಸಬೇಕು. ಇದು ಮೊದಲ ಸ್ಫೋಟ. ಅದರ ಮೇಲೆ ತೆಳುವಾಗಿ ಎರೆಮಣ್ಣು. ಆಮೇಲೆ ಮೊದಲ ಗುಂಪು ಮೇಲೆ ಉಳಿದ ಸಣ್ಣ ತಗ್ಗನ್ನು ಹುಡುಕಿ ಅಲ್ಲೇ ಮತ್ತೆ ದಾರಿ ಒತ್ತಬೇಕು. ಎರಡನೇ ಗುಂಪು ಬೇರೆ ಜಾಗದಲ್ಲಿ ಒತ್ತಬೇಕು. ಮತ್ತೆ ಪುಡಿ, ಮತ್ತೆ ಮಣ್ಣು. ಕೊನೆಗೆ ಗುಂಪುಗಳು ಡಬ್ಬಿಗಳನ್ನು ಅದಲುಬದಲು ಮಾಡಿಕೊಂಡು ಬದಿಯಿಂದ ನೋಡಿ, ‘ಯಾವ ಡಬ್ಬಿಯ ಜನ ಹಳೆಯ ದಾರಿಗೇ ಮರಳಿದರು?’ ಎಂದು ಬರೆಯಬೇಕು. ಒಂದು ಡಬ್ಬಿಯಲ್ಲಿ ಬಿಳಿ ಪದರದ ತಗ್ಗುಗಳು ಒಂದರ ಮೇಲೊಂದು ನೇರವಾಗಿ ಕೂತಿದ್ದವು. ಇನ್ನೊಂದರಲ್ಲಿ ಚದುರಿದ್ದವು. ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಹಿಂದಿನ ಸಂಜೆ ಮನೆಯಲ್ಲಿ ಒಲೆಯ ಬೂದಿಯಿಂದ ಮಾಡಿ ನೋಡಿದ್ದೆ. ಅದು ಹಾರಿ ಮೂಗಿಗೆ ಹೋಗುತ್ತದೆ, ಪದರವಾಗಿ ಕೂರುವುದಿಲ್ಲ. ಅಲ್ಲದೆ ಜ್ವಾಲಾಮುಖಿಯ ಬೂದಿ ಸುಟ್ಟ ಕಟ್ಟಿಗೆಯ ಬೂದಿಯಲ್ಲ. ಅದು ಗಾಜು ಮತ್ತು ಕಲ್ಲಿನ ಅತಿ ಸಣ್ಣ ಚೂರು. ಒಲೆ ಬೂದಿ ಬಳಸಿದರೆ ಈ ತಪ್ಪು ಕಲ್ಪನೆ ಗಟ್ಟಿಯಾಗುತ್ತದೆ. ಆದ್ದರಿಂದ ರಂಗೋಲಿ ಪುಡಿಯೇ ಮೇಲು.

ವಿವರಣೆ: ಈಗ ಅರೆನಾಲ್ ಕಥೆ ಹೇಳಿದೆ. ಭೂಪಟದಲ್ಲಿ ಕೋಸ್ಟರಿಕ ತೋರಿಸಿ, ಆಕಾಶದಿಂದ ಕಂಡ ಗೆರೆ, ತೋಡಿದ ಕಂದಕ, ಸ್ಮಶಾನದ ದಾರಿ ಎಲ್ಲವನ್ನೂ ಡಬ್ಬಿಯ ಜೊತೆ ಹೋಲಿಸಿ ವಿವರಿಸಿದೆ. “ಅಲ್ಲಿ ಹೂತದ್ದು ಅವರ ಅಜ್ಜ, ಅಜ್ಜಿಯರನ್ನು. ಬೂದಿ ಬಿದ್ದು ದಾರಿ ಕಾಣದಿದ್ದರೂ ಅದೇ ದಾರಿ ಹಿಡಿದು ಹೋಗಿದ್ದಾರೆ” ಎಂದೆ.

ಆಗ ಮೂರನೇ ಬೆಂಚಿನಿಂದ ಮಾತು ಬಂತು. ಅವಳು ಎದ್ದು ನಿಲ್ಲಲಿಲ್ಲ, ಕುಳಿತೇ ಹೇಳಿದಳು:

“ನಮ್ಮ ಆಯಿ ದಾರಿನೂ ಹಿಂಗ ಐತ್ರಿ. ಹೊಳಿ ಬಂದು ಹೋದ ಮ್ಯಾಲ ಕೆಸರ ಕೂತು ದಾರಿ ಕಾಣಂಗಿಲ್ಲ. ಆದ್ರ ಆಕೀಗೆ ಗೊತ್ತಿರತೈತಿ.”

“ಹೋಗಿ ಏನು ಮಾಡುತ್ತಾರೆ?”

“ಅಜ್ಜನ ಸಮಾದಿಗೆ ನೀರು ಹಾಕಿ, ಹಣಮಪ್ಪಗ ಎಣ್ಣಿ ಹಚ್ಚಿ, ಹೊಲಾ ನೋಡ್ಕೊಂಡು ಬರ್ತಾಳ್ರಿ. ಸಂಜೀಕ ಹೊಳ್ಳಿ ಮನೀಗೆ ಬರ್ತಾಳ.”

ಹಿಂದಿನ ಪಾಠದಲ್ಲಿ ಮಾತಾಡಿ ನಗಿಸಿದ್ದ ಹುಡುಗನೇ ಈ ಸಲ ಕೇಳಿದ: “ಅಲ್ಲಿದ್ದಾಗ ಹೊಳಿ ಬಂದ್ರ?”

“ನೀರಿನ ಬಣ್ಣ ತಿರುಗಿದ್ರ ಆಕೀಗೆ ತಿಳೀತೈತಿ. ಆವಾಗ ಹೋಗಂಗೇ ಇಲ್ಲ.”

ಯಾರೂ ನಗಲಿಲ್ಲ. ನಾನು ಸೀಮೆಸುಣ್ಣ ಕೊಟ್ಟು ಹಲಗೆಯ ಮೇಲಿನ ಆ ವಾಕ್ಯದ ಬಗ್ಗೆ ಏನು ಮಾಡಬೇಕೆಂದು ಅವಳನ್ನೇ ಕೇಳಿದೆ. ಅವಳು ಇಡೀ ವಾಕ್ಯ ಅಳಿಸಲಿಲ್ಲ. ‘ಇಲ್ಲದೆ’ ಎಂಬುದನ್ನಷ್ಟೇ ಅಳಿಸಿ ‘ಇದ್ದು’ ಎಂದು ಬರೆದಳು. ‘ಜನರು ತಿಳಿವಳಿಕೆ ಇದ್ದು ಹಳೆಯ ಜಾಗಕ್ಕೆ ಮರಳಿದರು.’ ಮುಂದಿನ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಗೇ ಬಿಟ್ಟಳು.

ವಿಸ್ತರಣೆ: ಮರುದಿನದ ಅವಧಿಯಲ್ಲಿ ಸೆರೆನ್. ಒದ್ದೆ ಎರೆಮಣ್ಣಿನಲ್ಲಿ ಜೋಳದ ದಂಟು ಒತ್ತಿ, ಎಳೆದು ತೆಗೆದು, ಆ ಟೊಳ್ಳಿಗೆ ಪ್ಲಾಸ್ಟರ್ ಹುಯ್ದೆವು. ಗಟ್ಟಿಯಾಗಲು ಅರ್ಧ ಗಂಟೆ ಬೇಕಾದ್ದರಿಂದ ಅವಧಿಯ ಆರಂಭದಲ್ಲೇ ಹುಯ್ದು ಕೊನೆಯಲ್ಲಿ ಮಣ್ಣು ಬಿಡಿಸಿದೆವು. ದಂಟಿನ ಗಿಣ್ಣು ಸ್ಪಷ್ಟವಾಗಿ ಮೂಡಿತ್ತು.

ನಡುವಿನ ಸಮಯಕ್ಕೆ ಒಂದು ಲೆಕ್ಕ. 5 ಮೀಟರ್ ಉದ್ದ, 4 ಮೀಟರ್ ಅಗಲದ ಚಾವಣಿಯ ಮೇಲೆ 10 ಸೆಂ.ಮೀ. ಬೂದಿ ಬಿದ್ದಿದೆ. ಬೂದಿಯ ಸಾಂದ್ರತೆ ಘನ ಮೀಟರಿಗೆ 1000 ಕಿ.ಗ್ರಾಂ ಎಂದಿಟ್ಟುಕೊಂಡರೆ ಭಾರ ಎಷ್ಟು? ಘನಫಲ 2 ಘನ ಮೀಟರ್, ಭಾರ 2000 ಕಿ.ಗ್ರಾಂ. ಅಂದರೆ 50 ಕಿಲೋದ 40 ಸಿಮೆಂಟ್ ಚೀಲ. ಮಳೆ ಬಿದ್ದು ಬೂದಿ ನೆನೆದರೆ ಇನ್ನೂ ಹೆಚ್ಚು. ಬೂದಿ ಬಿದ್ದಾಗ ಚಾವಣಿ ಏಕೆ ಕುಸಿಯುತ್ತದೆ, ಹುಲ್ಲಿನ ಮಾಡಿನ ಜನ ಏಕೆ ಓಡಲೇಬೇಕು ಎಂಬುದು ಈ ಗುಣಾಕಾರದಿಂದ ಅರ್ಥವಾಯಿತು. ನಂತರ ಬಿಳಿ ರಸ್ತೆ, ಕಂಪಾನ ಪಿರಮಿಡ್ಡು, ಜ್ವಾಲಾಪುರಂ ಉದಾಹರಣೆಗಳನ್ನು ಚಿಕ್ಕದಾಗಿ ಹೇಳಿದೆ. ಧಾರವಾಡದ ಪ್ರಾಧ್ಯಾಪಕರ ಹೆಸರು ಬಂದಾಗ “ನಮ್ಮ ಧಾರವಾಡ ಏನ್ರೀ?” ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.

ಮೌಲ್ಯಮಾಪನ

ಮೂರು ಪ್ರಶ್ನೆ ಕೊಟ್ಟೆ. ಪದರದ ಚಿತ್ರ ನೋಡಿ ಘಟನೆಗಳ ಕ್ರಮ ಬರೆಯುವುದು. ಸೆರೆನ್ ಜನ ಪಾರಾದರು ಎನ್ನಲು ಪುರಾವೆ ಕೊಡುವುದು. ಅರೆನಾಲ್ ಜನ ಚೇತರಿಸಿಕೊಳ್ಳಲು ಎರಡು ಕಾರಣ ಬರೆಯುವುದು. ಮೊದಲನೆಯದನ್ನು ಹೆಚ್ಚಿನವರು ಸರಿಯಾಗಿ ಬರೆದರು. ಎರಡನೆಯದಕ್ಕೆ ‘ಶವ ಸಿಕ್ಕಿಲ್ಲ’ ಎಂದು ಬಹಳ ಮಂದಿ ಬರೆದರು. ಒಬ್ಬ ಮಾತ್ರ ‘ಇನ್ನೂ ಪೂರ್ತಿ ಅಗೆದಿಲ್ಲ, ಮುಂದೆ ಸಿಗಬಹುದು’ ಎಂದು ಸೇರಿಸಿದ್ದ. ಅವನಿಗೆ ಪೂರ್ಣ ಅಂಕ ಕೊಟ್ಟೆ.

ಮೂರನೆಯ ಪ್ರಶ್ನೆಯ ಉತ್ತರಗಳಲ್ಲಿ ಒಂದು ನನ್ನನ್ನು ಬೆಚ್ಚಿಸಿತು. ‘ಆದ್ದರಿಂದ ನೆರೆ ಬಂದರೂ ನಾವು ಊರು ಬಿಡಬಾರದು’ ಎಂದು ಒಬ್ಬಳು ಬರೆದಿದ್ದಳು. ಮೊದಲ ಪಾಠದ ತಪ್ಪನ್ನು ತಿದ್ದುವ ಭರದಲ್ಲಿ ನಾನು ಇನ್ನೊಂದು ಬದಿಗೆ ವಾಲಿದ್ದೆ. ಮರಳಿ ಬರುವುದನ್ನು ಹೊಗಳಿದ್ದೆ, ಬಿಟ್ಟು ಹೋಗುವುದನ್ನು ಮರೆತಿದ್ದೆ. ನೆರೆಯ ದಂಡೆಯ ಮಕ್ಕಳಿಗೆ ಈ ತಪ್ಪು ಜೀವಕ್ಕೇ ಕುತ್ತು ತರಬಹುದು.

ಮೂರನೇ ದಿನ ಗಣಿತದ ಅವಧಿಯಿಂದ ಹತ್ತು ನಿಮಿಷ ತೆಗೆದುಕೊಂಡು ಈ ಉತ್ತರವನ್ನು, ಬರೆದವಳ ಹೆಸರು ಹೇಳದೆ, ತರಗತಿಯ ಮುಂದಿಟ್ಟೆ. ಸೆರೆನ್ ಜನ ಉಳಿದದ್ದು ತಟ್ಟೆ ತೊಳೆಯದೆ, ಚಾಪೆ ಹಾಸದೆ ಓಡಿದ್ದರಿಂದ. ಅರೆನಾಲ್ ಜನ ಮರಳಿದ್ದು ಮೊದಲು ಬಿಟ್ಟುಹೋದ ಮೇಲೆ, ಬೇರೆ ಕಡೆ ಇರಲು ಜಾಗವಿದ್ದುದರಿಂದ, ತಿನ್ನಲು ಬೇರೆ ಆಹಾರವಿದ್ದುದರಿಂದ. ಬೂದಿ ಬಿದ್ದ ಮರುದಿನವೇ ಮಣ್ಣು ಫಲವತ್ತಾಗುವುದಿಲ್ಲ. ದಪ್ಪಗೆ ಬಿದ್ದ ಬೂದಿ ಸವೆದು ಮಣ್ಣಾಗಲು ತಲೆಮಾರುಗಳೇ ಬೇಕಾಗಬಹುದು. “ಹಾಗಾದರೆ ಆಯಿ ಮಾಡುವುದರಲ್ಲಿ ಎರಡು ಭಾಗ ಇದೆ, ಯಾವುವು?” ಎಂದೆ. “ಹೋಗೋದು, ಹೊಳ್ಳಿ ಬರೋದು” ಎಂದು ಮೊಮ್ಮಗಳು ಹೇಳಿದಳು. ಅವಳ ಪಕ್ಕದವಳು “ಹೋಗದ ಇರೋದು ಯಾವಾಗ ಅಂತ ಗೊತ್ತಿರೋದು” ಎಂದು ಮೂರನೆಯದನ್ನು ಸೇರಿಸಿದಳು.

ಆತ್ಮಾವಲೋಕನ

ಈ ಪಾಠ ಮಾಡಬಯಸುವ ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಮಾತು. ಡಬ್ಬಿಯ ಚಟುವಟಿಕೆಗೆ ಇಪ್ಪತ್ತೈದು ನಿಮಿಷ ಇಟ್ಟುಕೊಳ್ಳಿ. ನಾನು ಹದಿನೈದು ಇಟ್ಟು ಪರದಾಡಿದೆ. ಮಣ್ಣು ಒದ್ದೆಯಿರಲಿ, ಕೆಸರಾಗದಿರಲಿ. ಪ್ಲಾಸ್ಟರ್ ಕಲಸುವುದನ್ನು ಮಕ್ಕಳ ಕೈಗೆ ಕೊಡಬೇಡಿ, ಅದು ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಮೂರು ಉದಾಹರಣೆ ಎರಡು ಅವಧಿಗೆ ಹೆಚ್ಚು. ಒಂದನ್ನು ಬಿಡಬೇಕಾದರೆ ಪಿರಮಿಡ್ಡನ್ನು ಬಿಡಿ, ಕಾಲುದಾರಿಯನ್ನು ಬಿಡಬೇಡಿ.

ಪೂರ್ವಜ್ಞಾನದ ಕಾಲಮನ್ನು ನಾವು ಪಠ್ಯಪುಸ್ತಕದ ಹಿಂದಿನ ಅಧ್ಯಾಯ ನೋಡಿ ತುಂಬುತ್ತೇವೆ. ಆ ಊರಿನ ಮಕ್ಕಳು ಏನನ್ನು ಕಂಡಿದ್ದಾರೆ ಎಂದು ಕೇಳಿ ತುಂಬಿದ್ದರೆ ಮೊದಲ ದಿನದ ನಗು ಏಳುತ್ತಿರಲಿಲ್ಲ. ಸಾವಿರಾರು ಮೈಲಿ ದೂರದ, ಸಾವಿರಾರು ವರ್ಷ ಹಿಂದಿನ ಜನರನ್ನು ‘ತಿಳಿವಳಿಕೆ ಇಲ್ಲದವರು’ ಎಂದರೆ ಯಾರಿಗೂ ನೋವಾಗದು ಎಂದುಕೊಂಡಿದ್ದೆ. ನೋವಾದದ್ದು ಮೂರನೇ ಬೆಂಚಿಗೆ.

ಎರಡನೇ ಪಾಠದ ಅವಲೋಕನದಲ್ಲಿ ಉಪನ್ಯಾಸಕರು ಕಾಲಪಾಲನೆಗೆ ಅಂಕ ಕಳೆದಿದ್ದಾರೆ. ಅದು ನ್ಯಾಯವೇ. ಕೊನೆಯ ಸಾಲಿನಲ್ಲಿ ಒಂದು ಪ್ರಶ್ನೆ ಬರೆದಿದ್ದಾರೆ: “ಆಯಿಯನ್ನು ಒಂದು ದಿನ ತರಗತಿಗೆ ಕರೆಯಬಹುದಲ್ಲವೇ?” ಮುಖ್ಯೋಪಾಧ್ಯಾಯರ ಅನುಮತಿ ಸಿಕ್ಕಿದೆ. ಹುಡುಗಿ ಮನೆಯಲ್ಲಿ ಕೇಳಿಕೊಂಡು ಬಂದು, “ಬರ್ತಾಳಂತ್ರಿ, ಆದ್ರ ಅಮಾಸಿ ದಿನ ಬ್ಯಾಡಂತ” ಎಂದಳು. ನನ್ನ ಇಂಟರ್ನ್‌ಶಿಪ್ ಮುಗಿಯಲು ಇನ್ನು ಎರಡು ವಾರವಿದೆ. ಎರಡು ಡಬ್ಬಿಗಳೂ ಎಂಟನೇ ತರಗತಿಯ ಕಿಟಕಿಯ ಮೇಲಿವೆ. ಆಯಿಗೆ ತೋರಿಸಬೇಕೆಂದು ಮಕ್ಕಳು ಅವನ್ನು ತೆಗೆಯಲು ಬಿಟ್ಟಿಲ್ಲ.